ಮಂಜಿಲ್ಲದ ತಿಂಗಳುಗಳ ಗರಡಿ

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಸುರು ಬಯಲು, ಬಾಗಿದ ಕೋಲು, ನೆಲಕ್ಕಂಟಿದಂತೆ ಓಡುವ ಬಿಳಿಯ ಚೆಂಡು. ಕೊಡಗಿನವರಿಗಂತೂ ಅದು ಮನೆಯಂಗಳದ ಆಟ. ಆದರೆ ಭೂಮಿಯ ಉತ್ತರದ ನಾಡುಗಳಲ್ಲಿ, ಕೆನಡಾದಲ್ಲಾಗಲಿ ರಷ್ಯದಲ್ಲಾಗಲಿ, ಬರಿದೆ ಹಾಕಿ ಎಂದರೆ ಜನ ತಿಳಿದುಕೊಳ್ಳುವುದು ಬೇರೊಂದು ಆಟವನ್ನು. ಅಲ್ಲಿ ಹುಲ್ಲಿಲ್ಲ, ಮಂಜುಗಡ್ಡೆಯಿದೆ. ಚೆಂಡಿಲ್ಲ, ಮೂರು ಅಂಗುಲ ಅಗಲ ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆಯಿದೆ. ಓಟವಿಲ್ಲ, ಉಕ್ಕಿನ ಅಲಗು ಕಟ್ಟಿದ ಬೂಟು ತೊಟ್ಟು ಜಾರುವುದಿದೆ. ಒಂದು ಪಕ್ಷಕ್ಕೆ ಗೋಲ್ ಕಾಯುವವನೂ ಸೇರಿ ಆರೇ ಜನ. ಅವರಾದರೂ ಅಂಗಳದಲ್ಲಿ ಒಂದೇ ಸಮನೆ ನಿಲ್ಲುವವರಲ್ಲ. ಮುಕ್ಕಾಲು ನಿಮಿಷ, ಹೆಚ್ಚೆಂದರೆ ಒಂದು ನಿಮಿಷ, ಮೈಯಲ್ಲಿರುವ ಕಸುವನ್ನೆಲ್ಲ ಸುರಿದು ಆಡಿ ಹೊರಕ್ಕೆ ಹಾರುತ್ತಾರೆ. ಕಟಕಟೆಯಾಚೆ ಕಾದಿದ್ದ ಇನ್ನೈವರು ಒಳಕ್ಕೆ ಹಾರುತ್ತಾರೆ.

ನಾನು ಮಂಜುಗಡ್ಡೆಯ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಈ ಆಟದ ಚರಿತ್ರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪ್ರಶ್ನೆಯಿಂದ. ಛಾವಣಿಯ ಕೆಳಗೆ ನಿಯಮಬದ್ಧವಾಗಿ ನಡೆದ ಮೊದಲ ಪಂದ್ಯವೆಂದು ಹೇಳುವುದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1875ರ ಮಾರ್ಚ್ 3ರಂದು ನಡೆದುದನ್ನು. ಸೋವಿಯೆತ್ ದೇಶದಲ್ಲಿ ಇದರ ಮೊದಲ ರಾಷ್ಟ್ರೀಯ ಸ್ಪರ್ಧೆ ಆರಂಭವಾದದ್ದು 1946ರ ಡಿಸೆಂಬರಿನಲ್ಲಿ. ನಡುವಿನ ಅಂತರ ಎಪ್ಪತ್ತು ವರ್ಷಕ್ಕೂ ಮಿಗಿಲು. ಆದರೆ 1954ರಲ್ಲಿ, ತಾವು ಪಾಲ್ಗೊಂಡ ಮೊತ್ತಮೊದಲ ವಿಶ್ವಸ್ಪರ್ಧೆಯಲ್ಲಿ, ಸ್ಟಾಕ್‌ಹೋಮಿನಲ್ಲಿ, ರಷ್ಯನ್ನರು ಕೆನಡಾದ ತಂಡವನ್ನು 7-2ರಿಂದ ಸೋಲಿಸಿ ಜಗಜ್ಜೇತರಾದರು. ಕೆನಡಾ ಕಳುಹಿಸಿದ್ದು ಅದರ ಅತಿಶ್ರೇಷ್ಠರನ್ನಲ್ಲ, ಹವ್ಯಾಸಿ ಆಟಗಾರರನ್ನು, ನಿಜ. ಹಾಗಿದ್ದರೂ ಎಪ್ಪತ್ತು ವರ್ಷಗಳ ವಿದ್ಯೆಯನ್ನು ಎಂಟು ವರ್ಷಗಳಲ್ಲಿ ಒಂದು ನಾಡು ಹೇಗೆ ಕಲಿಯಿತು? ಕಲಿಸಿದವರು ಯಾರು? ಕಲಿತ ಹುಡುಗರು ಅದಕ್ಕೆ ತೆತ್ತದ್ದೇನು?

ಕೆನಡಾದಲ್ಲಿ ಈ ಆಟವನ್ನು ಯಾರೂ ಕಲಿಸುತ್ತಿರಲಿಲ್ಲ ಎಂದರೆ ತಪ್ಪಾಗದು. ಚಳಿಗಾಲ ಬಂತೆಂದರೆ ಕೆರೆ ಹೆಪ್ಪುಗಟ್ಟುತ್ತದೆ; ಕೆರೆ ದೂರವಾದರೆ ತಂದೆ ಹಿತ್ತಿಲಿಗೆ ನೀರು ಹಾಯಿಸಿ ರಾತ್ರಿ ಬೆಳಗಾಗುವುದರೊಳಗೆ ಅಂಗಳ ಮಾಡಿಕೊಡುತ್ತಾನೆ. ನಮ್ಮ ಮಲೆನಾಡಿನ ಹುಡುಗ ಹೊಳೆಗೆ ಬಿದ್ದು ಈಜು ಕಲಿಯುವಂತೆ ಅಲ್ಲಿನ ಹುಡುಗ ಬಿದ್ದು ಎದ್ದು ಜಾರುವುದನ್ನು ಕಲಿಯುತ್ತಾನೆ. ಆಮೇಲೆ ತರಬೇತುದಾರ ಕಲಿಸುವುದು ಶಿಸ್ತು, ಧೈರ್ಯ, ಎದುರಾಳಿಗೆ ಮೈಯೊಡ್ಡಿ ಡಿಕ್ಕಿ ಹೊಡೆಯುವ ಬಗೆ, ಇಷ್ಟೆ. ವೃತ್ತಿಪರ ಆಟಗಾರರು ಬೇಸಗೆಯೆಲ್ಲ ವಿಶ್ರಾಂತಿಯಲ್ಲಿದ್ದು ಶರತ್ಕಾಲದ ಶಿಬಿರಕ್ಕೆ ಬಂದು ಮೈ ಇಳಿಸಿಕೊಳ್ಳುವ ಪದ್ಧತಿಯಿತ್ತು. ಪ್ರಕೃತಿ ಕೈತುಂಬ ಕೊಟ್ಟಿರುವಾಗ ಶಾಲೆ ಯಾರಿಗೆ ಬೇಕು?

ರಷ್ಯದಲ್ಲಿಯೂ ಚಳಿಗೆ ಬರವಿಲ್ಲ. ಆದರೆ ಅಲ್ಲಿನವರು ಆಡುತ್ತಿದ್ದುದು ಬ್ಯಾಂಡಿ ಎಂಬ ಆಟ. ಅದನ್ನು ತಿಳಿಸಿ ಹೇಳುವುದು ನಮ್ಮವರಿಗೆ ಸುಲಭ: ನಮ್ಮ ಹಾಕಿಯನ್ನೇ ಎತ್ತಿಕೊಂಡುಹೋಗಿ ಹೆಪ್ಪುಗಟ್ಟಿದ ಕಾಲ್ಚೆಂಡಿನ ಬಯಲಿನ ಮೇಲೆ ಇಟ್ಟಂತೆ. ಪಕ್ಷಕ್ಕೆ ಹನ್ನೊಂದು ಜನ, ಬಾಗಿದ ಮೋಟು ಕೋಲು, ಪುಟ್ಟ ಚೆಂಡು. ವಿಶಾಲವಾದ ಅಂಗಳದಲ್ಲಿ ಹೆಚ್ಚು ಡಿಕ್ಕಿಯಿಲ್ಲ. ಜಾರುವ ವೇಗ, ಒಬ್ಬರಿಂದೊಬ್ಬರಿಗೆ ಚೆಂಡು ಸಾಗಿಸುವ ಜಾಣ್ಮೆ, ಇವೇ ಪ್ರಧಾನ. ಬೇಸಗೆಯಲ್ಲಿ ಕಾಲ್ಚೆಂಡು, ಚಳಿಗಾಲದಲ್ಲಿ ಬ್ಯಾಂಡಿ, ಎರಡನ್ನೂ ಆಡುವವರು ಅನೇಕರಿದ್ದರು. ಯುದ್ಧ ಮುಗಿದ ಮೇಲೆ, ಒಲಿಂಪಿಕ್ಸಿನಲ್ಲಿ ಇಲ್ಲದ ಬ್ಯಾಂಡಿಗಿಂತ ಅಲ್ಲಿರುವ ಕೆನಡಾದ ಆಟವನ್ನು ಕಲಿಯಬೇಕೆಂದು ಸರ್ಕಾರಕ್ಕೆ ತೋರಿತು. ಅಪ್ಪಣೆಯಾಯಿತು. ಆಟಗಾರರಿಗೆ ನಿಯಮ ಗೊತ್ತಿಲ್ಲ, ಸಲಕರಣೆಯಿಲ್ಲ, ನೋಡಿ ಕಲಿಯೋಣವೆಂದರೆ ಆಡುವವರೇ ಇಲ್ಲ.

ಹಾಗೆ ಅಪ್ಪಣೆ ಹೊತ್ತವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಡೈನಮೋ ಕ್ಲಬ್ಬಿನ ಅರ್ಕಾದಿ ಚೆರ್ನಿಷೇವ್, ಶಾಂತರು, ಮಿತಭಾಷಿಗಳು. ಇನ್ನೊಬ್ಬರು ಸೇನೆಯ ಕ್ಲಬ್ಬಿನ ಅನಾತೊಲಿ ತಾರಾಸೋವ್. 1918ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಬ್ಯಾಂಡಿಯನ್ನೂ ಕಾಲ್ಚೆಂಡನ್ನೂ ಆಡಿದವರು. ದೈಹಿಕ ಶಿಕ್ಷಣದ ಶಾಲೆಯಲ್ಲಿ ತರಬೇತುದಾರರಾಗಿ ಕಲಿತು ಹೊರಬಂದವರು. ಗಟ್ಟಿ ಗಂಟಲು, ದಪ್ಪ ಮೈ, ಕ್ಷಣಕ್ಕೊಂದು ಬಣ್ಣಕ್ಕೆ ತಿರುಗುವ ಮುಖ. ಕೆನಡಾದವರ ಆಟವನ್ನು ಕಣ್ಣಾರೆ ಕಂಡು ಕಲಿತು ಬರಬೇಕೆಂದು ಇವರಿಗೆ ಆಸೆ. ಇವರ ಗುರು ಮಿಖಾಯಿಲ್ ತೊವರೊವ್ಸ್ಕಿ ಬೇಡವೆಂದರಂತೆ. ನೋಡಿದರೆ ಅನುಕರಿಸುತ್ತೀಯೆ, ನೋಡದಿದ್ದರೆ ಯೋಚಿಸುತ್ತೀಯೆ ಎಂಬುದು ಆ ಬುದ್ಧಿವಾದದ ತಿರುಳು. ಇದನ್ನು ಮುಂದೆ ತಾರಾಸೋವರೇ ಕೃತಜ್ಞತೆಯಿಂದ ನೆನೆಸಿಕೊಂಡರು. ಕಲಿಸುವವನೊಬ್ಬ ಕೊಡಬಹುದಾದ ಸಲಹೆಗಳಲ್ಲಿ ಇಷ್ಟು ಅಪಾಯಕರವಾದದ್ದೂ ಇಷ್ಟು ಫಲಕಾರಿಯಾದದ್ದೂ ಮತ್ತೊಂದನ್ನು ನಾನು ಕಾಣೆ.

ಏನನ್ನೂ ನೋಡಲೇ ಇಲ್ಲವೆಂದಲ್ಲ. 1948ರಲ್ಲಿ ಪ್ರಾಗ್ ನಗರದ ಎಲ್.ಟಿ.ಸಿ. ತಂಡ ಮಾಸ್ಕೋಗೆ ಬಂದು ಮೂರು ಪಂದ್ಯಗಳನ್ನಾಡಿತು. ಅದು ಯೂರೋಪಿನ ಅತ್ಯುತ್ತಮ ತಂಡಗಳಲ್ಲೊಂದು. ಎರಡು ವರ್ಷ ಹಿಂದೆ ನಿಯಮವನ್ನೇ ಅರಿಯದಿದ್ದವರು ಮೊದಲ ಪಂದ್ಯವನ್ನು 6-3ರಿಂದ ಗೆದ್ದರು, ಎರಡನೆಯದನ್ನು 3-5ರಿಂದ ಸೋತರು, ಮೂರನೆಯದನ್ನು 2-2ರಲ್ಲಿ ಸರಿಗಟ್ಟಿದರು. ಬಂದ ಅತಿಥಿಗಳು ಹೇಗೆ ಹೊಡೆಯುತ್ತಾರೆ, ಗೋಲ್ ಕಾಯುವವ ಹೇಗೆ ನಿಲ್ಲುತ್ತಾನೆ ಎಂಬುದನ್ನೆಲ್ಲ ಆತಿಥೇಯರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು.

ಆದರೆ ನಿಜವಾದ ತೊಡಕು ಬೇರೆಯಿತ್ತು. ಮಂಜುಗಡ್ಡೆ ಆಕಾಶ ಕೊಟ್ಟಷ್ಟು ದಿನ ಮಾತ್ರ. ಸುಮಾರು ಮಾರ್ಚಿಗೆ ಕರಗಿತೆಂದರೆ ಮತ್ತೆ ನವೆಂಬರಿನ ತನಕ ಕಾಯಬೇಕು. ಯಂತ್ರದಿಂದ ಹೆಪ್ಪುಗಟ್ಟಿಸಿದ, ಛಾವಣಿಯಡಿಯ ದೊಡ್ಡ ಅಂಗಳ ಮಾಸ್ಕೋಗೆ ಬಂದದ್ದು 1956ರಲ್ಲಿ, ಲುಜ್ನಿಕಿಯ ಕ್ರೀಡಾಭವನ ಕಟ್ಟಿದಾಗ. ಎಂದರೆ ಜಗಜ್ಜೇತರಾದ ಎರಡು ವರ್ಷಗಳ ನಂತರ! ವರ್ಷದಲ್ಲಿ ಎಂಟು ತಿಂಗಳು ಮಂಜಿಲ್ಲದ ಮಂಜಿನಾಟದವರು ಏನು ಮಾಡಬೇಕು?

ತಾರಾಸೋವ್ ಅವರನ್ನು ನೆಲಕ್ಕಿಳಿಸಿದರು. ಇಲ್ಲಿಂದ ಮುಂದಿನದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಗರಡಿ. ಪೈಲ್ವಾನ ಕುಸ್ತಿಯಾಡುವುದು ದಿನದಲ್ಲಿ ಎಷ್ಟು ಹೊತ್ತು? ಉಳಿದುದೆಲ್ಲ ಬಸ್ಕಿ, ದಂಡ, ಗದೆ, ಮಟ್ಟಿ ಅಗೆಯುವುದು. ಅದೇ ಬಗೆ. ಹೆಗಲ ಮೇಲೆ ಜೊತೆಗಾರನನ್ನು ಕೂರಿಸಿಕೊಂಡು ಓಡುವುದು, ಭಾರ ಹಿಡಿದು ಕುಪ್ಪಳಿಸುವುದು, ಲಾಗ ಹಾಕಿ ಎದ್ದ ಗಳಿಗೆಯಲ್ಲಿ ಎಸೆದ ಚೆಂಡನ್ನು ಹಿಡಿಯುವುದು, ತಡೆಗಳನ್ನು ನೆಗೆಯುವುದು, ಈಜು, ಕಾಲ್ಚೆಂಡು, ಬ್ಯಾಸ್ಕೆಟ್‌ಬಾಲ್, ಜಿಮ್ನಾಸ್ಟಿಕ್ಸ್. ಕಾಲ್ಚೆಂಡಾಡುವಾಗಲೂ ಮೈಮೇಲೆ ಬೀಳುವುದಕ್ಕೆ ಅವಕಾಶ. ಉರುಳಿದವನು ಉರುಳಿಕೊಂಡೇ ಆಡಬೇಕು.

ಇದು ಬರಿಯ ಕಸರತ್ತಿನ ಹುಚ್ಚಲ್ಲ, ಹಿಂದೆ ಲೆಕ್ಕಾಚಾರವಿತ್ತು. ಮಂಜಿನ ಮೇಲೆ ಜಾರುವವನ ವೇಗ ಬರುವುದು ತೊಡೆಯಿಂದ, ಸೊಂಟದಿಂದ. ಮಂಡಿ ಎಷ್ಟು ಬಾಗಿದರೆ ಅಷ್ಟು ಒದೆತ, ಒದ್ದಷ್ಟು ಓಟ. ಆ ಬಾಗಿದ ಭಂಗಿಯಲ್ಲಿ ಮೂರು ಬಾರಿ ಇಪ್ಪತ್ತು ನಿಮಿಷಗಳ ಆಟವನ್ನು ತಡೆಯಬಲ್ಲ ತೊಡೆ ನೆಲದ ಮೇಲೆ ತಯಾರಾಗಬಲ್ಲುದು. ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಆಡಿ, ಎರಡು ನಿಮಿಷ ಕುಳಿತು, ಮತ್ತೆ ಎದ್ದು ಅಷ್ಟೇ ಕಸುವಿನಿಂದ ಆಡಬೇಕಾದ ಆಟಕ್ಕೆ ಉದ್ದನೆಯ ಓಟಕ್ಕಿಂತ ಬಿಟ್ಟುಬಿಟ್ಟು ಓಡುವ ಬಿರುಸಿನ ಓಟಗಳೇ ಸರಿಯಾದ ಸಾಧನೆ. ಇನ್ನು ಲಾಗ? ಆಟದಲ್ಲಿ ಬೀಳದವನಿಲ್ಲ, ಬಿದ್ದವನಿಗೆ ಏಳುವಾಗ ದಿಕ್ಕು ತಪ್ಪಿರುತ್ತದೆ. ದಿಕ್ಕು ತಪ್ಪದೆ ಏಳುವುದನ್ನು ಕಲಿತವನು ಎದುರಾಳಿಗಿಂತ ಅರೆ ಕ್ಷಣ ಮುಂದಿರುತ್ತಾನೆ. ಈ ಆಟದಲ್ಲಿ ಅರೆ ಕ್ಷಣವೆಂದರೆ ಒಂದು ಗೋಲು.

ಆಟಗಾರನಿಗೆ ಮೂರು ಬಗೆಯ ವೇಗ ಬೇಕೆಂದು ತಾರಾಸೋವ್ ಬೋಧಿಸುತ್ತಿದ್ದರು: ಕಾಲಿನದು, ಕೈಯದು, ತಲೆಯದು. ಮೊದಲೆರಡನ್ನು ಎಲ್ಲರೂ ಒಪ್ಪುತ್ತಾರೆ. ಮೂರನೆಯದೇ ಅವರ ವಿಶೇಷ. ಬಿಲ್ಲೆ ಇರುವವನಿಗಿಂತ ಬಿಲ್ಲೆ ಇಲ್ಲದವನೇ ಅವರ ಗಮನಕ್ಕೆ ಹೆಚ್ಚು ಪಾತ್ರ. ಅವನು ಎಲ್ಲಿಗೆ ಓಡುತ್ತಾನೆ, ಯಾವ ತೆರಪನ್ನು ತೆರೆದುಕೊಡುತ್ತಾನೆ? ಕೆನಡಾದ ಆಟಗಾರ ಬಿಲ್ಲೆಯನ್ನು ಎದುರಾಳಿಯ ಮೂಲೆಗೆ ಹೊಡೆದು ಹಿಂದೆ ನುಗ್ಗಿ ಕಾದಾಡಿ ಪಡೆಯುತ್ತಿದ್ದರೆ, ರಷ್ಯನ್ನರು ದಾರಿ ಸಿಗದಾಗ ಹಿಂದಕ್ಕೆ ಕೊಟ್ಟು, ಸುತ್ತಿಬಂದು, ಮತ್ತೆ ಹೆಣೆಯುತ್ತಿದ್ದರು. ಇದು ಬ್ಯಾಂಡಿಯ ಬಳುವಳಿ. ನಮ್ಮ ಹಳೆಯ ಹಾಕಿ ತಂಡಗಳ ಕಿರುಪಾಸಿನ ಚೆಲುವನ್ನು ಬಲ್ಲವರಿಗೆ ಇದರ ರುಚಿಯನ್ನು ನಾನು ಬಣ್ಣಿಸಬೇಕಾಗಿಲ್ಲ. ಐವರನ್ನು ಒಂದೇ ಗುಂಪಾಗಿ, ವರ್ಷಗಟ್ಟಲೆ ಒಬ್ಬರನ್ನೊಬ್ಬರು ಬಿಡದೆ ಆಡಿಸಿ, ನೋಡದೆಯೇ ಕೊಡುವ ನೋಡದೆಯೇ ಪಡೆಯುವ ಮಟ್ಟಕ್ಕೆ ತಂದರು.

ನಮ್ಮ ಹಾಕಿಯ ಮಾತು ಬಂದಿತೆಂದು ಒಂದು ನೋವನ್ನು ಹೇಳಿಬಿಡುತ್ತೇನೆ. 1976ರಲ್ಲಿ ಅದೇ ಮಾಂಟ್ರಿಯಲ್ ನಗರದ ಒಲಿಂಪಿಕ್ಸಿನಲ್ಲಿ ನಮ್ಮ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ನಾವು ಏಳನೆಯ ಸ್ಥಾನಕ್ಕೆ ಇಳಿದೆವು. ನಮ್ಮಲ್ಲಿ ಅಂಥ ಅಂಗಳವಿಲ್ಲವೆಂಬ ಮಾತನ್ನು ಆಗ ಬಹಳ ಕೇಳಿದೆವು. ಮಾತು ಸುಳ್ಳಲ್ಲ. ಆದರೆ ಅಂಗಳವಿಲ್ಲದ ಎಂಟು ತಿಂಗಳನ್ನು ಒಬ್ಬ ಮನುಷ್ಯ ಹೇಗೆ ಬಳಸಿಕೊಂಡನೆಂಬುದನ್ನು ಓದಿದ ಮೇಲೆ, ಆ ಮಾತನ್ನು ನಾನು ಮೊದಲಿನಷ್ಟು ಸಲೀಸಾಗಿ ಆಡಲಾರೆ.

ಈ ಕಥೆಯಲ್ಲಿ ಒಂದು ಸ್ವಾರಸ್ಯದ ತಿರುವುಂಟು. ತಾರಾಸೋವ್ ಆಸಕ್ತಿಯಿಂದ ಓದಿ ಬಳಸಿಕೊಂಡ ಪುಸ್ತಕಗಳಲ್ಲಿ ಒಂದನ್ನು ಬರೆದವರು ಕೆನಡಾದವರೇ. ಲಾಯ್ಡ್ ಪರ್ಸಿವಲ್ ಎಂಬುವರು ಟೊರಾಂಟೋದಲ್ಲಿದ್ದರು. 1944ರಿಂದ ಆ ದೇಶದ ಆಕಾಶವಾಣಿಯಲ್ಲಿ ಹುಡುಗರಿಗೆ ಕ್ರೀಡಾಪಾಠ ಹೇಳುವ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದರು. ರೇಡಿಯೋದ ಮುಂದೆ ಕುಳಿತು ಮಾತಾಡುವ ನನಗೆ ಇದು ಸ್ವಲ್ಪ ಹೆಮ್ಮೆಯ ಸಂಗತಿ. 1951ರಲ್ಲಿ ಅವರು ಹಾಕಿಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಹೇಗೆ ಜಾರಬೇಕು, ಯಾವ ಸ್ನಾಯು ಯಾವ ಕೆಲಸ ಮಾಡುತ್ತದೆ, ಏನನ್ನು ತಿನ್ನಬೇಕು, ಎಲ್ಲವನ್ನೂ ಅಳೆದು ಬರೆದ ಗ್ರಂಥ. ಅವರ ದೇಶದ ವೃತ್ತಿಪರ ತರಬೇತುದಾರರು ನಕ್ಕರು. ಹುಟ್ಟಿನಿಂದ ಬರುವ ವಿದ್ಯೆಗೆ ಪುಸ್ತಕವೇ? ಮಾಸ್ಕೋದಲ್ಲಿ ಯಾರೂ ನಗಲಿಲ್ಲ, ಕುಳಿತು ಓದಿದರು. ಊರ ದೇವರಿಗೆ ಊರಲ್ಲಿ ಪೂಜೆಯಿಲ್ಲ.

ಫಲಿತಾಂಶಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1956ರಲ್ಲಿ ಒಲಿಂಪಿಕ್ ಚಿನ್ನ. ಆಮೇಲೆ ಕೆಲಕಾಲ ಹಿನ್ನಡೆ. 1963ರಿಂದ 1971ರ ತನಕ ಒಂದಾದ ಮೇಲೊಂದು ಒಂಬತ್ತು ವಿಶ್ವಪದವಿಗಳು. ಅದೇ ಅವಧಿಯಿಂದ ಮೊದಲುಗೊಂಡು ಮೂರು ಒಲಿಂಪಿಕ್ ಚಿನ್ನಗಳು. ಚೆರ್ನಿಷೇವ್ ಮತ್ತು ತಾರಾಸೋವ್ ಜೋಡಿಯಾಗಿ ರಾಷ್ಟ್ರದ ತಂಡವನ್ನು ನಡೆಸಿದ ಕಾಲವಿದು.

ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಹುಡುಗರ ಕಥೆ. ಸೇನಾ ಕ್ಲಬ್ಬಿನ ಮಕ್ಕಳ ಶಾಲೆಗೆ ಹನ್ನೊಂದು ವರ್ಷದ ಹುಡುಗನೊಬ್ಬ ಬಂದ. ತಂದೆ ಸೇನೆಯಲ್ಲಿ ವಿಮಾನ ಹಾರಿಸುವವರು, ತಾಯಿ ವ್ಯಾಯಾಮದ ಉಪಾಧ್ಯಾಯಿನಿ. ಎಲ್ಲರಿಗೂ ಸಾಲುವಷ್ಟು ಸಮವಸ್ತ್ರವಿರಲಿಲ್ಲ. ಗೋಲ್ ಕಾಯಲು ಯಾರೂ ಮುಂದೆ ಬಂದಿರಲಿಲ್ಲ. ನಿಜವಾದ ಸಮವಸ್ತ್ರ ಕೊಟ್ಟರೆ ನಾನು ಗೋಲಿನಲ್ಲಿ ನಿಲ್ಲುತ್ತೇನೆ ಎಂದ ಹುಡುಗ. ಅವನೇ ವ್ಲಾದಿಸ್ಲಾವ್ ತ್ರೆತ್ಯಾಕ್. ಹದಿನೈದರ ವಯಸ್ಸಿನಲ್ಲಿ ತಾರಾಸೋವ್ ಅವನನ್ನು ದೊಡ್ಡವರ ಅಭ್ಯಾಸಕ್ಕೆ ಕರೆದರು. ಕರೆದು ಕೊಟ್ಟದ್ದು ಒಂದು ಟೆನಿಸ್ ಚೆಂಡಿನ ವ್ರತ: ಎಲ್ಲಿಗೆ ಹೋದರೂ ಜೇಬಿನಲ್ಲಿ ಚೆಂಡಿರಬೇಕು, ಬಿಡುವಾದಾಗಲೆಲ್ಲ ಅದನ್ನು ಎಸೆದು ಹಿಡಿಯುತ್ತಿರಬೇಕು. ಗೋಲು ಬಿಟ್ಟರೆ ಬೈಗುಳ ಆಮೇಲೆ. ಮೊದಲು, ಏಕೆ ಬಿಟ್ಟೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಗೊತ್ತಿಲ್ಲ ಎನ್ನುವಂತಿಲ್ಲ.

ಇನ್ನೊಬ್ಬ ಹುಡುಗ ವಲೇರಿ ಖರ್ಲಾಮೋವ್. ತಂದೆ ಕಾರ್ಖಾನೆಯ ಕೆಲಸಗಾರ. ತಾಯಿ ಸ್ಪೇನಿನ ಬಾಸ್ಕ್ ಸೀಮೆಯಿಂದ ಅಂತರ್ಯುದ್ಧದ ಕಾಲದಲ್ಲಿ ಮಗುವಾಗಿ ರಷ್ಯಕ್ಕೆ ಬಂದವಳು. ಹುಡುಗನಿಗೆ ವಾತಜ್ವರದಿಂದ ಹೃದಯ ದುರ್ಬಲವಾಗಿ, ಓಡಬಾರದು, ಆಡಬಾರದು ಎಂದು ವೈದ್ಯರು ಕಟ್ಟು ಹಾಕಿದ್ದರು. 1962ರ ಬೇಸಗೆಯಲ್ಲಿ ತಂದೆ ತಾಯಿಗೆ ತಿಳಿಸದೆ ಅವನನ್ನು ಸೇನಾ ಕ್ಲಬ್ಬಿನ ಆಯ್ಕೆಗೆ ಕರೆದೊಯ್ದ. ಅಲ್ಲಿ ತೆಗೆದುಕೊಳ್ಳುತ್ತಿದ್ದುದು 1949ರಲ್ಲಿ ಹುಟ್ಟಿದವರನ್ನು. ಇವನು ಹುಟ್ಟಿದ್ದು 1948ರಲ್ಲಿ. ಆಳು ಕುಳ್ಳ, ಹಾಗಾಗಿ ಸುಳ್ಳು ನಡೆಯಿತು. ಸೇರಿಸಿಕೊಂಡ ಮೇಲೆ ಗುಟ್ಟು ರಟ್ಟಾಯಿತು, ಅಷ್ಟರಲ್ಲಿ ಅವನ ಆಟ ಕಂಡಿದ್ದರು. ತಾರಾಸೋವರಿಗೆ ಮಾತ್ರ ಇವನ ಗಾತ್ರದ ಬಗ್ಗೆ ಸಂದೇಹ. 1966ರಲ್ಲಿ ಇವನನ್ನೂ ಅಲೆಕ್ಸಾಂದರ್ ಗುಸೇವ್ ಎಂಬ ಮತ್ತೊಬ್ಬ ತರುಣನನ್ನೂ ಯುರಲ್ ಪರ್ವತದ ಕಡೆಯ ಚೆಬರ್ಕುಲ್ ಎಂಬ ದಂಡಿನ ಊರಿಗೆ, ಕೆಳದರ್ಜೆಯ ತಂಡವೊಂದಕ್ಕೆ ಕಳುಹಿಸಿಬಿಟ್ಟರು. ಹದಿನೆಂಟರ ಹುಡುಗನಿಗೆ ಅದು ಗಡೀಪಾರಿನ ಹಾಗೆ. ಅಲ್ಲಿ ಅವನು 40 ಪಂದ್ಯಗಳಲ್ಲಿ 34 ಗೋಲು ಹೊಡೆದು, ಮರುವರ್ಷ ಮಾಸ್ಕೋಗೆ ಮರಳಿದ. ರಷ್ಯನ್ನರು ಇಂದಿಗೂ ಪ್ರೀತಿಯಿಂದ ನೆನೆಯುವ ಆಟಗಾರನಾದ. ಆದರೆ ಚೆಬರ್ಕುಲಿನಿಂದ ಮರಳದೆ ಉಳಿದವರೂ ಇದ್ದಿರಬೇಕು. ಅವರ ಹೆಸರನ್ನು ಯಾವ ಪುಸ್ತಕವೂ ಬರೆದಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ತಾರಾಸೋವರ ಗರಡಿ ಸಾಮಾನ್ಯವಾದ ಗರಡಿಯಲ್ಲ, ಸೇನೆಯ ಗರಡಿ. ಹದಿನೆಂಟು ತುಂಬಿದ ಪ್ರತಿಯೊಬ್ಬ ಗಂಡಸೂ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾದ ದೇಶ; ಬೇರೆ ಕ್ಲಬ್ಬುಗಳಲ್ಲಿ ಚಿಗುರಿದ ಆಟಗಾರನನ್ನು ಸೇನಾ ಕ್ಲಬ್ಬು ಒಂದು ಕಾಗದದಿಂದ ಕರೆಸಿಕೊಳ್ಳಬಹುದಾಗಿತ್ತು. ಅವನು ಬರಲಾರೆ ಎನ್ನುವಂತಿಲ್ಲ. ತರಬೇತಿಯ ಪದ್ಧತಿ ಎಷ್ಟೇ ಶ್ರೇಷ್ಠವಾಗಿರಲಿ, ಆ ಕಾಗದದ ಬಲವನ್ನು ಲೆಕ್ಕಕ್ಕೆ ಹಿಡಿಯದೆ ಅದನ್ನು ಹೊಗಳುವುದು ನ್ಯಾಯವಲ್ಲ.

ತಾರಾಸೋವ್ ಕಠಿಣರು, ಕೆಲವೊಮ್ಮೆ ಕ್ರೂರರು. ಆದರೆ ತಣ್ಣನೆಯ ಮನುಷ್ಯರಲ್ಲ. 1969ರಲ್ಲಿ ಸ್ಪಾರ್ತಾಕ್ ತಂಡದೆದುರಿನ ಪಂದ್ಯದಲ್ಲಿ ತಮ್ಮವರು ಹೊಡೆದ ಗೋಲನ್ನು ಒಪ್ಪಲಿಲ್ಲವೆಂದು ಸಿಟ್ಟಾಗಿ ತಂಡವನ್ನು ಅಂಗಳದಿಂದ ಹೊರಕ್ಕೆ ಕರೆದುಕೊಂಡು ಹೋಗಿಬಿಟ್ಟರು. ನೋಡಲು ಬಂದು ಕುಳಿತಿದ್ದವರು ದೇಶದ ನಾಯಕ ಬ್ರೆಜ್ನೇವ್! ಅವರಿಗೆ ಕೊಟ್ಟಿದ್ದ ಗೌರವಾನ್ವಿತ ತರಬೇತುದಾರರೆಂಬ ಬಿರುದನ್ನು ಸರ್ಕಾರ ಕಿತ್ತುಕೊಂಡಿತು. ಕೆಲವು ತಿಂಗಳ ಮೇಲೆ ಮರಳಿಸಿತು. ಇಂಥವರೇ ಮಕ್ಕಳ ಮಧ್ಯೆ ಬೇರೆಯಾಗುತ್ತಿದ್ದರು. 1964ರಲ್ಲಿ ಆರಂಭವಾದ ‘ಚಿನ್ನದ ಬಿಲ್ಲೆ’ ಎಂಬ ಮಕ್ಕಳ ಸ್ಪರ್ಧೆಯನ್ನು ಬೆಳೆಸಿದವರಲ್ಲಿ ಅವರು ಮೊದಲಿಗರು. ಕೇರಿಯ ಅಂಗಳಗಳಲ್ಲಿ ಆಡುವ ಹುಡುಗರು ತಮ್ಮತಮ್ಮಲ್ಲೇ ತಂಡ ಕಟ್ಟಿಕೊಂಡು ಬರಬಹುದಾದ ಸ್ಪರ್ಧೆ ಅದು. ಅದು ಇಂದಿಗೂ ನಡೆಯುತ್ತಿದೆ.

1972ರ ಚಳಿಗಾಲದ ಒಲಿಂಪಿಕ್ಸ್ ಗೆದ್ದ ಬಳಿಕ ಚೆರ್ನಿಷೇವ್, ತಾರಾಸೋವ್ ಇಬ್ಬರೂ ರಾಷ್ಟ್ರೀಯ ತಂಡವನ್ನು ಬಿಟ್ಟರು. ಹೀಗಾಗಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಕೆನಡಾದ ವೃತ್ತಿಪರರು ಮೊಟ್ಟಮೊದಲಿಗೆ ರಷ್ಯನ್ನರನ್ನು ಎದುರಿಸಿದಾಗ, ತಂಡದ ಹಿಂದೆ ನಿಂತಿದ್ದವರು ಹಳೆಯ ಆಟಗಾರ ಬೊಬ್ರೋವ್. ಆಡಿದವರು ಮಾತ್ರ ಬಹುಪಾಲು ತಾರಾಸೋವರು ತಿದ್ದಿದ ಹುಡುಗರು. ಎಂಟಕ್ಕೆ ಎಂಟನ್ನೂ ಗೆಲ್ಲುತ್ತೇವೆಂದು ಕೆನಡಾದಲ್ಲಿ ನಂಬಿದ್ದರು. ಮುಂಚೆ ಮಾಸ್ಕೋಗೆ ಹೋಗಿ ನೋಡಿಬಂದ ಅವರ ಪರೀಕ್ಷಕರು, ಗೋಲ್ ಕಾಯುವ ಹುಡುಗ ದುರ್ಬಲನೆಂದು ವರದಿ ಕೊಟ್ಟರು. ಅವರು ನೋಡಿದ ಆ ಒಂದು ಪಂದ್ಯದಲ್ಲಿ ತ್ರೆತ್ಯಾಕ್ ಗೋಲಿನ ಮೇಲೆ ಗೋಲು ಬಿಟ್ಟಿದ್ದ. ಮರುದಿನ ಅವನ ಮದುವೆಯೆಂಬುದು ಪಾಪ, ಅವರಿಗೆ ತಿಳಿಯದು!

ಮೊದಲ ಪಂದ್ಯ ಸೆಪ್ಟೆಂಬರ್ 2ರಂದು ಮಾಂಟ್ರಿಯಲಿನಲ್ಲಿ. ಅದಕ್ಕೆ ಮುಂಚೆ ಕೆನಡಾದ ಹಿರಿಯ ಗೋಲ್ ಕಾವಲುಗಾರ ಜಾಕ್ ಪ್ಲಾಂಟ್ ರಷ್ಯನ್ನರ ಕೋಣೆಗೆ ಬಂದು, ತಮ್ಮ ಕಡೆಯ ಹೊಡೆತಗಾರರಲ್ಲಿ ಯಾರು ಹೇಗೆ ಹೊಡೆಯುತ್ತಾರೆಂದು ಇಪ್ಪತ್ತರ ತ್ರೆತ್ಯಾಕನಿಗೆ ಹಲಗೆಯ ಮೇಲೆ ಬರೆದು ತೋರಿಸಿದರಂತೆ. ಕರುಣೆಯಿಂದ ಮಾಡಿದ ಕೆಲಸವಿರಬೇಕು. ಆಟ ಆರಂಭವಾಗಿ ಏಳು ನಿಮಿಷ ತುಂಬುವ ಮುಂಚೆ ಕೆನಡಾಕ್ಕೆ ಎರಡು ಗೋಲು. ಆಮೇಲೆ ಬೇಸಗೆಯ ವಿಶ್ರಾಂತಿಯಿಂದ ಬಂದ ಕಾಲುಗಳು ಸೋತವು. ನೆಲದ ಮೇಲೆ ಬೇಸಗೆಯೆಲ್ಲ ಓಡಿದ ಕಾಲುಗಳು ಸೋಲಲಿಲ್ಲ. 7-3, ರಷ್ಯನ್ನರಿಗೆ. ಎಂಟು ಪಂದ್ಯಗಳ ಆ ಸರಣಿಯನ್ನು ಕೊನೆಗೆ ಗೆದ್ದದ್ದು ಕೆನಡಾವೇ. ಮಾಸ್ಕೋದಲ್ಲಿ, ಕೊನೆಯ ಪಂದ್ಯದಲ್ಲಿ, ಇನ್ನು 34 ಸೆಕೆಂಡುಗಳಿವೆ ಎನ್ನುವಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲಿನಿಂದ. ಅವರ ಛಲವನ್ನು ಮೆಚ್ಚದವನಿಲ್ಲ. ಆದರೆ ಆರನೆಯ ಪಂದ್ಯದಲ್ಲಿ ಬಾಬಿ ಕ್ಲಾರ್ಕ್ ಕೋಲು ಬೀಸಿ ಖರ್ಲಾಮೋವನ ಹರಡಿಗೆ ಹೊಡೆದದ್ದನ್ನೂ ಚರಿತ್ರೆ ಮರೆತಿಲ್ಲ.

ಗೆದ್ದವರೇ ಕಲಿಯಲು ಕುಳಿತರು. ಈ ಸರಣಿಯ ನಂತರ ಉತ್ತರ ಅಮೆರಿಕದ ತರಬೇತುದಾರರು ಮಾಸ್ಕೋದತ್ತ ನೋಡತೊಡಗಿದರು. 1974ರಲ್ಲಿ ಟೊರಾಂಟೋದ ಹಾಕಿ ಕೀರ್ತಿಮಂದಿರದಲ್ಲಿ ತಾರಾಸೋವರ ಹೆಸರನ್ನು ಸೇರಿಸಿದರು. ಅಮೆರಿಕದ ಹರ್ಬ್ ಬ್ರೂಕ್ಸ್ ಸೋವಿಯೆತ್ ಪದ್ಧತಿಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಕಾಲೇಜಿನ ಹುಡುಗರ ತಂಡ ಕಟ್ಟಿ, 1980ರ ಫೆಬ್ರವರಿ 22ರಂದು ಲೇಕ್ ಪ್ಲ್ಯಾಸಿಡ್ ಒಲಿಂಪಿಕ್ಸಿನಲ್ಲಿ ಆ ಸೋವಿಯೆತ್ ತಂಡವನ್ನೇ 4-3ರಿಂದ ಸೋಲಿಸಿದರು. ಹದಿಮೂರು ದಿನಗಳ ಹಿಂದೆ ಇದೇ ಹುಡುಗರು ಅದೇ ತಂಡಕ್ಕೆ 10-3ರಿಂದ ಸೋತಿದ್ದರು. ನಾರ್ವೆಯಲ್ಲಿ ಒಮ್ಮೆ ಸರಿಸಮದ ಪಂದ್ಯದ ಬಳಿಕ, ದೀಪ ಆರಿಸಿದ ಮೇಲೂ ಬ್ರೂಕ್ಸ್ ಇವರನ್ನು ಮಂಜಿನ ಮೇಲೆ ಓಡಿಸಿದ ಪ್ರಸಂಗವನ್ನು ಸಿನಿಮಾದವರು ವೀರಗಾಥೆ ಮಾಡಿದ್ದಾರೆ. ನನಗೇಕೋ ಅದು ಶಿಕ್ಷಣವೆನಿಸುವುದಿಲ್ಲ, ಶಿಕ್ಷೆಯೆನಿಸುತ್ತದೆ. ಬ್ರೂಕ್ಸರ ನಿಜವಾದ ಪಾಠವಿದ್ದುದು ಹಗಲಿನ ಅಭ್ಯಾಸದಲ್ಲಿ: ಬಿಲ್ಲೆಯನ್ನು ಕಳೆಯದೆ, ಜಾಗ ಬದಲಿಸುತ್ತ ಹೆಣೆಯುವುದು.

ಕೆನಡಾದಲ್ಲಿ ಒಬ್ಬ ತಂದೆಗೆ ಮಾತ್ರ ಇದೇನೂ ಹೊಸದೆನಿಸಲಿಲ್ಲ. ಒಂಟಾರಿಯೋ ಪ್ರಾಂತದ ಬ್ರಾಂಟ್‌ಫರ್ಡಿನಲ್ಲಿ ವಾಲ್ಟರ್ ಗ್ರೆಟ್ಸ್‌ಕಿ ಎಂಬ ದೂರವಾಣಿ ನೌಕರ ಮನೆಯ ಹಿತ್ತಿಲಿಗೆ ನೀರು ಹಾಯಿಸಿ ಅಂಗಳ ಮಾಡಿ, ಮಗನಿಗೆ ಖಾಲಿ ಡಬ್ಬಗಳನ್ನು ಸಾಲಾಗಿಟ್ಟು ಅವುಗಳ ಸಂದಿನಲ್ಲಿ ಬಿಲ್ಲೆ ಸಾಗಿಸುವುದನ್ನು ಕಲಿಸುತ್ತಿದ್ದರು. ಬಿಲ್ಲೆ ಎಲ್ಲಿಗೆ ಹೋಗಲಿದೆ ಎಂಬುದನ್ನು ಮೊದಲೇ ಊಹಿಸಿ ಅಲ್ಲಿಗೆ ಹೋಗುವುದೇ ಅವರ ಪಾಠದ ಸಾರ. ಆ ಮಗ ವೇನ್ ಗ್ರೆಟ್ಸ್‌ಕಿಯ ಹೆಸರನ್ನು ಹಾಕಿ ತಿಳಿಯದವರೂ ಕೇಳಿರಬಹುದು. ತಲೆಯ ವೇಗವನ್ನು ಸೈನ್ಯವಿಲ್ಲದೆಯೂ ಕಲಿಸಬಹುದೆಂಬುದಕ್ಕೆ ಈ ಹಿತ್ತಿಲು ಸಾಕ್ಷಿ.

ಮಾಸ್ಕೋದಲ್ಲಿ ಈ ಹೊತ್ತಿಗೆ ಗರಡಿಯ ಸ್ವರೂಪ ಬದಲಾಗಿತ್ತು. 1977ರಲ್ಲಿ ಸೇನಾ ಕ್ಲಬ್ಬೂ ರಾಷ್ಟ್ರೀಯ ತಂಡವೂ ವಿಕ್ತೋರ್ ತಿಖೊನೋವರ ಕೈಗೆ ಬಂದವು. ಗೆಲುವಿನಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಫೆತಿಸೋವ್, ಕಸತೋನೋವ್, ಕ್ರುತೋವ್, ಲರಿಯೊನೋವ್, ಮಕರೋವ್, ಈ ಐವರ ಹೆಣಿಗೆಯನ್ನು ಕಂಡವರು ಅಂಥ ಆಟ ಮತ್ತೆ ಕಾಣಲಿಲ್ಲವೆನ್ನುತ್ತಾರೆ. ಆದರೆ ಅದಕ್ಕೆ ತೆತ್ತ ಬೆಲೆಯೇನು? ಮಾಸ್ಕೋದ ಹೊರಗೆ ಅರ್ಖಾಂಗೆಲ್‌ಸ್ಕೋಯೆ ಎಂಬಲ್ಲಿ ಸೇನೆಯ ಶಿಬಿರ. ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಅಲ್ಲೇ ವಾಸ. ಹೆಂಡತಿ ಮಕ್ಕಳು ನಗರದಲ್ಲಿ. ಗಂಡ ಅರ್ಧ ಗಂಟೆಯ ದಾರಿಯಲ್ಲಿದ್ದೂ ಪರದೇಶಿ. ಮಂಜಿಲ್ಲದ ತಿಂಗಳುಗಳನ್ನು ತುಂಬಲೆಂದು ಹುಟ್ಟಿದ ಅಭ್ಯಾಸ, ಈಗ ಮಂಜಿಗೆ ಕೊರತೆಯಿಲ್ಲದ ಕಾಲದಲ್ಲಿ, ಮನುಷ್ಯನ ಎಲ್ಲ ತಿಂಗಳುಗಳನ್ನೂ ನುಂಗಿಕೊಂಡಿತು. ಬೀಜ ಬಿತ್ತಿದವರು ತಾರಾಸೋವರೇ ಅಲ್ಲವೆ ಎಂದು ಕೇಳಿದರೆ, ಅಲ್ಲವೆನ್ನಲು ನನಗೆ ಧೈರ್ಯವಿಲ್ಲ. ಅವರ ಶಿಷ್ಯರಲ್ಲಿ ನಗುತ್ತ ನೆನೆಯುವವರು ಹೆಚ್ಚು; ತಿಖೊನೋವರ ಶಿಷ್ಯರಲ್ಲಿ ಕಡಿಮೆ. ವ್ಯತ್ಯಾಸವಿದ್ದುದು ಪದ್ಧತಿಯಲ್ಲೋ ಮನುಷ್ಯರಲ್ಲೋ, ನಾನು ಬಗೆಹರಿಸಲಾರೆ.

1988ರ ಅಕ್ಟೋಬರಿನಲ್ಲಿ ಇಗೋರ್ ಲರಿಯೊನೋವ್ ‘ಅಗೊನ್ಯೋಕ್’ ವಾರಪತ್ರಿಕೆಯಲ್ಲಿ ತನ್ನ ತರಬೇತುದಾರನಿಗೆ ಬಹಿರಂಗ ಪತ್ರವೊಂದನ್ನು ಬರೆದ. ಶಿಬಿರದ ಬಾಳು ಎಂಥದು, ಒಬ್ಬನ ಮಾತೇ ಹೇಗೆ ಶಾಸನವಾಗಿದೆ ಎಂಬುದನ್ನೆಲ್ಲ ಬಿಚ್ಚಿ ಬರೆದ. ಸೇನೆಯ ಅಧಿಕಾರಿಯಾಗಿದ್ದ ಆಟಗಾರ ಹಾಗೆ ಬರೆಯುವುದು ಮೂರು ವರ್ಷ ಹಿಂದಾಗಿದ್ದರೆ ಊಹಿಸಲಾಗದ ಮಾತು. ಫೆತಿಸೋವನೂ ಎದ್ದು ನಿಂತ. 1989ರಲ್ಲಿ ಅವರಿಬ್ಬರಿಗೂ, ಇನ್ನೂ ಕೆಲವರಿಗೂ, ಅಮೆರಿಕ ಕೆನಡಾಗಳ ತಂಡಗಳಿಗೆ ಆಡಲು ಬಿಡುಗಡೆ ದೊರೆಯಿತು. ಅದೇ ವರ್ಷ, ಎಂದೂ ಆ ತಂಡಗಳಿಗೆ ಆಡದ ತ್ರೆತ್ಯಾಕನನ್ನು ಟೊರಾಂಟೋದ ಕೀರ್ತಿಮಂದಿರಕ್ಕೆ ಸೇರಿಸಿಕೊಂಡರು. ಖರ್ಲಾಮೋವ್ ಆಗ ಇರಲಿಲ್ಲ. 1981ರ ಆಗಸ್ಟಿನಲ್ಲಿ ಹೆದ್ದಾರಿಯ ಅಪಘಾತದಲ್ಲಿ ಹೆಂಡತಿಯೊಡನೆ ತೀರಿಕೊಂಡಿದ್ದ.

ತಾರಾಸೋವ್ ತೀರಿಕೊಂಡದ್ದು 1995ರ ಜೂನ್ 23ರಂದು. ಅದಾದ ನಾಲ್ಕು ತಿಂಗಳಿಗೆ, ಅಕ್ಟೋಬರ್ 27ರಂದು, ಕೆನಡಾದ ಕ್ಯಾಲ್ಗರಿ ನಗರದಲ್ಲಿ ಡೆಟ್ರಾಯಿಟ್ ತಂಡದ ತರಬೇತುದಾರ ಸ್ಕಾಟಿ ಬೌಮನ್ ತಮ್ಮಲ್ಲಿದ್ದ ಐವರು ರಷ್ಯನ್ನರನ್ನು ಒಂದೇ ಗುಂಪಾಗಿ ಅಂಗಳಕ್ಕೆ ಬಿಟ್ಟರು: ಫೆತಿಸೋವ್, ಕೊನ್‌ಸ್ತಾಂತಿನೋವ್, ಲರಿಯೊನೋವ್, ಫ್ಯೊದರೋವ್, ಕಜ್ಲೋವ್. ಐವರೂ ಒಂದಲ್ಲ ಒಂದು ಕಾಲಕ್ಕೆ ಅದೇ ಸೇನಾ ಕ್ಲಬ್ಬಿನಲ್ಲಿ ಆಡಿದವರು. ಲರಿಯೊನೋವ್ ತಂಡ ಸೇರಿ ಮೂರು ದಿನವಷ್ಟೇ ಆಗಿತ್ತು. ದಾರಿ ಸಿಗದಾಗ ಹಿಂದಕ್ಕೆ ಕೊಟ್ಟರು, ಸುತ್ತಿಬಂದರು, ಮತ್ತೆ ಹೆಣೆದರು. ಆ ದಿನದ ಆಟ ಡೆಟ್ರಾಯಿಟಿಗೆ 3-0.